ಮೂಲಸಂಕೇತದಿಂದ ಲಿನಕ್ಸ್ ತಂತ್ರಾಂಶ: ಪ್ಯಾಕೇಜ್ ಸಾಧನವನ್ನು ಆರಿಸುವ ಬಗೆ

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯು ಮೂಲತಃ ಕೃಷಿ ಪ್ರಧಾನ ಪ್ರದೇಶ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ ಈ ಭಾಗದ ಆರ್ಥಿಕ ಚಟುವಟಿಕೆಯ ಸ್ವರೂಪವೇ ಬದಲಾಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲಾಡಳಿತ ಭವನವು ಇದೇ ಹೋಬಳಿಯ ಬೀರಸಂದ್ರದಲ್ಲಿದೆ. ನೆರೆಯ ದೊಡ್ಡಬಳ್ಳಾಪುರದಲ್ಲಿ ಕೈಗಾರಿಕಾ ಪ್ರದೇಶವೂ ವಿದ್ಯುತ್ ಮಗ್ಗಗಳೂ ಇವೆ. ಇಂತಹ ಪ್ರದೇಶದ ಸಣ್ಣ ಘಟಕಗಳು ವೆಚ್ಚ ಉಳಿತಾಯದ ದೃಷ್ಟಿಯಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕಡೆಗೆ ಒಲವು ತೋರುವುದು ಸಹಜ. ಪರವಾನಗಿ ಶುಲ್ಕವಿಲ್ಲ ಎಂಬುದು ನಿಜವಾದ ಅನುಕೂಲವೇ. ಆದರೆ ಶುಲ್ಕವಿಲ್ಲದ ತಂತ್ರಾಂಶಕ್ಕೂ ಲೆಕ್ಕವಿರಬೇಕು ಎಂಬುದು ಬಹುಮಂದಿ ಉದ್ದಿಮೆದಾರರ ಗಮನಕ್ಕೆ ಬರುವುದು ತೊಂದರೆ ಎದುರಾದ ಮೇಲೆಯೇ.

ಈ ಪಾಠದ ಅನುಕೂಲಕ್ಕಾಗಿ ಕುಂದಾಣದಲ್ಲಿ ಒಂದು ಕಾಲ್ಪನಿಕ ಘಟಕವಿದೆ ಎಂದು ಭಾವಿಸಬಹುದು. ಹನ್ನೆರಡು ಮಂದಿ ಕೆಲಸಗಾರರು, ನಾಲ್ಕು ಲೇತ್ ಯಂತ್ರಗಳು, ಕಚೇರಿಯಲ್ಲಿ ಎರಡು ಗಣಕಯಂತ್ರಗಳು. ಎರಡರಲ್ಲಿಯೂ ಡೆಬಿಯನ್ ಲಿನಕ್ಸ್. ರವಾನೆಯಾಗುವ ಪ್ರತಿ ಪೆಟ್ಟಿಗೆಯ ಮೇಲೆ ಬಾರ್‌ಕೋಡ್ ಚೀಟಿ ಇರಬೇಕೆಂಬುದು ಖರೀದಿದಾರ ಕಂಪನಿಯ ಷರತ್ತು. ಚೀಟಿ ಮುದ್ರಿಸುವ ಯಂತ್ರದ ಚಾಲಕ ತಂತ್ರಾಂಶವನ್ನು ತಯಾರಕರು ಮೂಲಸಂಕೇತದ ರೂಪದಲ್ಲಿ ಮಾತ್ರ ಕೊಟ್ಟಿದ್ದಾರೆ. ಬೆಂಗಳೂರಿನಿಂದ ಬಂದ ತಂತ್ರಜ್ಞನು ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಆದೇಶಗಳನ್ನು ಬೆರಳಚ್ಚಿಸಿದನು. ಚೀಟಿ ಮುದ್ರಣವಾಯಿತು. ಎಲ್ಲರಿಗೂ ಸಮಾಧಾನವಾಯಿತು.

ಒಂದು ವರ್ಷದ ನಂತರ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಲಾಯಿತು. ಮರುದಿನ ಚೀಟಿ ಮುದ್ರಣವಾಗಲಿಲ್ಲ. ಸರಕು ತುಂಬಿದ ವಾಹನ ಅಂಗಳದಲ್ಲಿ ನಿಂತಿದೆ. ಚೀಟಿಯಿಲ್ಲದ ಪೆಟ್ಟಿಗೆಯನ್ನು ಖರೀದಿದಾರರ ದ್ವಾರದಲ್ಲಿ ಒಳಗೆ ಬಿಡುವುದಿಲ್ಲ. ತಂತ್ರಜ್ಞನು ಬೇರೆ ಉದ್ಯೋಗಕ್ಕೆ ಹೋಗಿದ್ದಾನೆ. ಯಾವ ಆವೃತ್ತಿಯ ಮೂಲಸಂಕೇತವನ್ನು ಬಳಸಿದನು, ಯಾವ ಕಡತವನ್ನು ಎಲ್ಲಿ ಇಟ್ಟನು, ಏನನ್ನು ಬದಲಿಸಿದನು ಎಂಬುದಕ್ಕೆ ಘಟಕದಲ್ಲಿ ಒಂದು ಸಾಲಿನ ದಾಖಲೆಯೂ ಇಲ್ಲ. ಇಲ್ಲಿ ಆಗಿರುವ ತಪ್ಪು ತಂತ್ರಾಂಶದ್ದಲ್ಲ, ಸಾಧನದ ಆಯ್ಕೆಯದು. ಆ ಆಯ್ಕೆಯನ್ನು ಹೇಗೆ ಮಾಡಬೇಕೆಂಬುದೇ ಈ ಪಾಠದ ವಿಷಯ.

ಕೆಲವು ಪದಗಳ ಪರಿಚಯ

ಮೂಲಸಂಕೇತವೆಂದರೆ ಮನುಷ್ಯರು ಓದಿ ಬರೆಯಬಲ್ಲ ರೂಪದಲ್ಲಿರುವ ತಂತ್ರಾಂಶ. ಅದನ್ನು ಕಂಪೈಲರ್ ಎಂಬ ಸಾಧನದ ಮೂಲಕ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸುವುದನ್ನು 'ಬಿಲ್ಡ್' ಮಾಡುವುದು ಎನ್ನುತ್ತಾರೆ. ಹೀಗೆ ಸಿದ್ಧವಾದ ಕಡತಗಳನ್ನು ಅವುಗಳ ಹೆಸರು, ಆವೃತ್ತಿ, ಅವಲಂಬನೆ ಮುಂತಾದ ವಿವರಗಳ ಸಹಿತ ಒಂದೇ ಕಟ್ಟಿನಲ್ಲಿ ಕಟ್ಟಿದರೆ ಅದು 'ಪ್ಯಾಕೇಜ್'. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಇದಕ್ಕೆ ಡೆಬ್ ಎಂಬ ರೂಪವಿದೆ. ರೆಡ್ ಹ್ಯಾಟ್, ಫೆಡೋರಾ, ಸೂಸೆ ವ್ಯವಸ್ಥೆಗಳಲ್ಲಿ ಆರ್‌ಪಿಎಂ ಎಂಬ ರೂಪವಿದೆ. ಗಣಕಯಂತ್ರದಲ್ಲಿರುವ ಪ್ರತಿಯೊಂದು ಪ್ಯಾಕೇಜಿನ ವಿವರವನ್ನೂ ವ್ಯವಸ್ಥೆಯು ತನ್ನದೇ ಆದ ದತ್ತಸಂಚಯದಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಈ ದತ್ತಸಂಚಯವನ್ನು ದಾಸ್ತಾನು ವಹಿಗೆ ಹೋಲಿಸಬಹುದು. ಯಾವ ಕಡತವು ಯಾವ ಪ್ಯಾಕೇಜಿಗೆ ಸೇರಿದ್ದು, ಆವೃತ್ತಿ ಯಾವುದು, ಅದು ಬೇರೆ ಯಾವ ಪ್ಯಾಕೇಜುಗಳನ್ನು ಅವಲಂಬಿಸಿದೆ, ಸ್ಥಾಪನೆಯಾದ ಮೇಲೆ ಯಾರಾದರೂ ಅದನ್ನು ತಿದ್ದಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಡಿಪಿಕೆಜಿ ಅಥವಾ ಆರ್‌ಪಿಎಂ ಎಂಬ ಆದೇಶವು ಕ್ಷಣಮಾತ್ರದಲ್ಲಿ ಉತ್ತರ ನೀಡುತ್ತದೆ. ತೆಗೆದುಹಾಕು ಎಂದರೆ ಪಟ್ಟಿಯಲ್ಲಿರುವ ಕಡತಗಳನ್ನು ತೆಗೆಯುತ್ತದೆ.

ಮೇಕ್ ಇನ್‌ಸ್ಟಾಲ್ ಆದೇಶದ ಕೊರತೆ ಇರುವುದು ಇಲ್ಲಿಯೇ. ಅದು ಕಡತಗಳನ್ನು ನೇರವಾಗಿ ಗಣಕಯಂತ್ರದ ವಿವಿಧ ಜಾಗಗಳಿಗೆ ನಕಲು ಮಾಡುತ್ತದೆ. ದತ್ತಸಂಚಯದಲ್ಲಿ ಯಾವ ನಮೂದನ್ನೂ ಮಾಡುವುದಿಲ್ಲ. ಒಳಬರುವ ಸರಕಿನ ವಹಿಯಲ್ಲಿ ಬರೆಯದೆ ಗೋದಾಮಿಗೆ ಮಾಲು ಇಳಿಸಿದಂತೆಯೇ ಇದು. ಮಾಲು ಇರುತ್ತದೆ, ಆದರೆ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವಾಗ ಆ ಚಾಲಕಕ್ಕೆ ಬೇಕಾದ ಹಳೆಯ ಲೈಬ್ರರಿ ಕಡತವನ್ನು ತೆಗೆಯಬಾರದೆಂಬ ಎಚ್ಚರಿಕೆ ಯಾರಿಗೂ ದೊರೆಯುವುದಿಲ್ಲ. ಕುಂದಾಣದ ಘಟಕದಲ್ಲಿ ನಡೆದದ್ದು ಇಷ್ಟೆ.

ಮೊದಲ ಪ್ರಶ್ನೆ: ಬಿಲ್ಡ್ ಮಾಡುವ ಅಗತ್ಯವಿದೆಯೇ?

ಸಾಧನವನ್ನು ಆರಿಸುವುದಕ್ಕೆ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಡೆಬಿಯನ್‌ನಂತಹ ವ್ಯವಸ್ಥೆಗಳ ಅಧಿಕೃತ ಭಂಡಾರದಲ್ಲಿ ಹತ್ತಾರು ಸಾವಿರ ಪ್ಯಾಕೇಜುಗಳು ಸಿದ್ಧವಾಗಿಯೇ ದೊರೆಯುತ್ತವೆ. ಉದಾಹರಣೆಗೆ, ಬಿಲ್ಲುಗಳನ್ನು ಕನ್ನಡದಲ್ಲಿ ಮುದ್ರಿಸಲು ಬಯಸುವ ವರ್ತಕರು ಅಕ್ಷರಶೈಲಿಗಾಗಿ ಎಲ್ಲಿಯೂ ಹುಡುಕಬೇಕಾಗಿಲ್ಲ. ಗುಬ್ಬಿ, ನವಿಲು ಮತ್ತು ಲೋಹಿತ್ ಕನ್ನಡ ಎಂಬ ಯೂನಿಕೋಡ್ ಅಕ್ಷರಶೈಲಿಗಳು ಡೆಬಿಯನ್ ಭಂಡಾರದಲ್ಲಿಯೇ ಪ್ಯಾಕೇಜುಗಳಾಗಿ ಇವೆ. ಇವುಗಳನ್ನು ಒಂದೇ ಆದೇಶದಿಂದ ಸ್ಥಾಪಿಸಬಹುದು. ಭದ್ರತಾ ಪರಿಷ್ಕರಣೆಗಳು ಬಂದಾಗಲೂ ಭಂಡಾರದ ಪ್ಯಾಕೇಜುಗಳಿಗೆ ಅವು ತಾವಾಗಿಯೇ ತಲಪುತ್ತವೆ. ಸ್ವಂತವಾಗಿ ಬಿಲ್ಡ್ ಮಾಡಿದ ತಂತ್ರಾಂಶಕ್ಕೆ ಆ ಹೊಣೆಯನ್ನು ಘಟಕವೇ ಹೊರಬೇಕಾಗುತ್ತದೆ.

ಹಾಗಿದ್ದರೂ ಮೂರು ಸಂದರ್ಭಗಳಲ್ಲಿ ಬಿಲ್ಡ್ ಮಾಡುವುದು ಅನಿವಾರ್ಯ. ಭಂಡಾರದಲ್ಲಿ ಆ ತಂತ್ರಾಂಶವೇ ಇಲ್ಲದಿರಬಹುದು. ಇದ್ದರೂ ಅಗತ್ಯವಾದ ಸೌಲಭ್ಯವು ಅದರಲ್ಲಿ ಇಲ್ಲದಿರಬಹುದು. ಅಥವಾ ತಂತ್ರಾಂಶವು ಓಡಬೇಕಾದ ಯಂತ್ರವೇ ಬೇರೆ ಬಗೆಯದಾಗಿರಬಹುದು. ಮೂರನೆಯದಕ್ಕೆ ಬೆಂಗಳೂರಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿ, 2001ರಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕವು ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತಿತ್ತು. ಅದರ ಸಂಸ್ಕಾರಕ ಸ್ಟ್ರಾಂಗ್ ಆರ್ಮ್ ಜಾತಿಯದು. ಮೇಜಿನ ಮೇಲಿನ ಗಣಕಯಂತ್ರಕ್ಕಾಗಿ ಬಿಲ್ಡ್ ಮಾಡಿದ ತಂತ್ರಾಂಶವು ಅದರಲ್ಲಿ ಓಡುವುದಿಲ್ಲ. ಅದೇ ಮೂಲಸಂಕೇತವನ್ನು ಆ ಸಂಸ್ಕಾರಕಕ್ಕೆಂದು ಪ್ರತ್ಯೇಕವಾಗಿ ಬಿಲ್ಡ್ ಮಾಡಲೇಬೇಕು. ಇಂದು ತೂಕದ ಯಂತ್ರ, ನಿಯಂತ್ರಣ ಫಲಕ ಮುಂತಾದವುಗಳೊಳಗೆ ಲಿನಕ್ಸ್ ಅಳವಡಿಸಿ ಮಾರುವ ಸಣ್ಣ ತಯಾರಕರಿಗೂ ಇದೇ ಮಾತು ಅನ್ವಯಿಸುತ್ತದೆ.

ಲಭ್ಯವಿರುವ ಸಾಧನಗಳು

1. ಸ್ಟೋ: ಇದು ಗ್ನೂ ಯೋಜನೆಯ ಸರಳ ಸಾಧನ. ಪ್ರತಿಯೊಂದು ತಂತ್ರಾಂಶವನ್ನೂ ಅದರದೇ ಆದ ಡೈರೆಕ್ಟರಿಯಲ್ಲಿಟ್ಟು, ಬಳಕೆಯ ಜಾಗದಲ್ಲಿ ಕೇವಲ ಕೊಂಡಿಗಳನ್ನು ನಿರ್ಮಿಸುತ್ತದೆ. ತೆಗೆಯುವುದು ಸುಲಭ. ಆದರೆ ವ್ಯವಸ್ಥೆಯ ದತ್ತಸಂಚಯಕ್ಕೆ ಇದರ ಅರಿವಿಲ್ಲ, ಅವಲಂಬನೆಗಳ ಲೆಕ್ಕವೂ ಇಲ್ಲ. ಒಂದೇ ಗಣಕಯಂತ್ರದಲ್ಲಿ ಪ್ರಯೋಗ ಮಾಡಿ ನೋಡುವವರಿಗೆ ಇದು ಸಾಕು.

2. ಚೆಕ್‌ಇನ್‌ಸ್ಟಾಲ್: ಮೇಕ್ ಇನ್‌ಸ್ಟಾಲ್ ಆದೇಶದ ಬದಲಿಗೆ ಇದನ್ನು ಬಳಸಿದರೆ, ಯಾವ ಕಡತಗಳು ಎಲ್ಲೆಲ್ಲಿಗೆ ಹೋಗುತ್ತವೆ ಎಂಬುದನ್ನು ಗಮನಿಸಿ ಅವುಗಳಿಂದ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜನ್ನು ಕಟ್ಟಿಕೊಡುತ್ತದೆ. ದತ್ತಸಂಚಯದಲ್ಲಿ ನಮೂದಾಗುವುದು ದೊಡ್ಡ ಲಾಭ. ಆದರೆ ಇದು ಹಳೆಯ ಸಾಧನ. ಅವಲಂಬನೆಗಳನ್ನು ತಾನಾಗಿ ಕಂಡುಹಿಡಿಯುವುದಿಲ್ಲ. ಇಂತಹ ಪ್ಯಾಕೇಜನ್ನು ಸ್ವಂತ ಗಣಕಯಂತ್ರದಲ್ಲಿ ಬಳಸಬಹುದೇ ಹೊರತು ಗ್ರಾಹಕರಿಗೆ ಹಂಚುವುದು ಯೋಗ್ಯವಲ್ಲ.

3. ಎಫ್‌ಪಿಎಂ: ತಂತ್ರಾಂಶವನ್ನು ಮೊದಲು ಒಂದು ಖಾಲಿ ಡೈರೆಕ್ಟರಿಯಲ್ಲಿ ಸ್ಥಾಪಿಸಿ, ಆ ಡೈರೆಕ್ಟರಿಯನ್ನೇ ಡೆಬ್ ಅಥವಾ ಆರ್‌ಪಿಎಂ ಆಗಿ ಕಟ್ಟುವ ಸಾಧನ. ಎರಡೂ ಬಗೆಯ ಲಿನಕ್ಸ್ ಬಳಸುವವರಿಗೆ ಅನುಕೂಲ, ಕಲಿಕೆಯೂ ಕಡಿಮೆ. ಆದರೆ ಹೆಸರು, ಆವೃತ್ತಿ, ಅವಲಂಬನೆಗಳನ್ನು ಬಳಕೆದಾರರೇ ಆದೇಶದ ಸಾಲಿನಲ್ಲಿ ಹೇಳಬೇಕು. ಆ ಸಾಲನ್ನು ಒಂದು ಕಡತದಲ್ಲಿ ಬರೆದಿಡದಿದ್ದರೆ ಮತ್ತೆ ನೆನಪಿನ ಮೇಲೆಯೇ ಅವಲಂಬಿಸಬೇಕಾಗುತ್ತದೆ.

4. ವ್ಯವಸ್ಥೆಯದೇ ಆದ ಬಿಲ್ಡ್ ಸಾಧನಗಳು: ಡೆಬಿಯನ್‌ನಲ್ಲಿ ಡೆಬ್‌ಹೆಲ್ಪರ್ ಮತ್ತು ಡಿಪಿಕೆಜಿ ಬಿಲ್ಡ್‌ಪ್ಯಾಕೇಜ್, ರೆಡ್ ಹ್ಯಾಟ್ ಬಗೆಯವುಗಳಲ್ಲಿ ಆರ್‌ಪಿಎಂಬಿಲ್ಡ್. ಇವುಗಳಿಗೆ ಲಿಖಿತ ವಿಧಾನಪತ್ರ ಬೇಕು. ಆರ್‌ಪಿಎಂನಲ್ಲಿ ಅದು 'ಸ್ಪೆಕ್' ಎಂಬ ಒಂದೇ ಕಡತ. ಡೆಬಿಯನ್‌ನಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಮುಂತಾದ ಕಡತಗಳ ಒಂದು ಡೈರೆಕ್ಟರಿ. ಮೂಲಸಂಕೇತ ಎಲ್ಲಿಂದ ಬಂದಿತು, ಬಿಲ್ಡ್ ಮಾಡಲು ಏನೇನು ಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಯಾರು ಯಾವ ದಿನಾಂಕದಂದು ಏನನ್ನು ಬದಲಿಸಿದರು ಎಂಬುದೆಲ್ಲವೂ ಅಲ್ಲಿ ಬರಹದಲ್ಲಿರುತ್ತದೆ. ಸಿದ್ಧವಾದ ಕಡತಗಳಿಗೆ ಯಾವ ಲೈಬ್ರರಿಗಳು ಬೇಕೆಂಬುದನ್ನು ಈ ಸಾಧನಗಳೇ ಪರಿಶೀಲಿಸಿ ಅವಲಂಬನೆಯ ಪಟ್ಟಿಗೆ ಸೇರಿಸುತ್ತವೆ. ಮೊದಲ ಸಲ ಕಲಿಯಲು ಶ್ರಮವಿದೆ. ಎರಡನೆಯ ಸಲದಿಂದ ಕೆಲಸವು ಒಂದು ಆದೇಶಕ್ಕೆ ಇಳಿಯುತ್ತದೆ.

5. ಶುದ್ಧ ಕೊಠಡಿ ಸಾಧನಗಳು: ಡೆಬಿಯನ್‌ನಲ್ಲಿ ಪಿಬಿಲ್ಡರ್ ಮತ್ತು ಎಸ್‌ಬಿಲ್ಡ್, ಫೆಡೋರಾ ಬಗೆಯವುಗಳಲ್ಲಿ ಮಾಕ್. ಇವು ವ್ಯವಸ್ಥೆಯೊಳಗೇ ಒಂದು ಖಾಲಿ ಪುಟ್ಟ ವ್ಯವಸ್ಥೆಯನ್ನು ನಿರ್ಮಿಸಿ, ವಿಧಾನಪತ್ರದಲ್ಲಿ ಹೇಳಿದ ಪ್ಯಾಕೇಜುಗಳನ್ನು ಮಾತ್ರ ಅಲ್ಲಿ ತಂದು ಬಿಲ್ಡ್ ಮಾಡುತ್ತವೆ. ತಂತ್ರಜ್ಞನ ಗಣಕಯಂತ್ರದಲ್ಲಿ ಆಕಸ್ಮಿಕವಾಗಿ ಇದ್ದ ಯಾವುದೋ ಕಡತದ ಬಲದಿಂದ ಬಿಲ್ಡ್ ಯಶಸ್ವಿಯಾಗಿದ್ದರೆ ಅದು ಇಲ್ಲಿ ಕೂಡಲೇ ಬಯಲಾಗುತ್ತದೆ. ವಿಧಾನಪತ್ರವನ್ನು ಪರಿಶೋಧಿಸುವ ಸಾಧನವೆಂದೇ ಇವುಗಳನ್ನು ಕರೆಯಬಹುದು.

ದಾಖಲೆ ಏಕೆ ಮುಖ್ಯ: 2024ರ ಪಾಠ

ಇಷ್ಟೆಲ್ಲ ದಾಖಲೆ ಸಣ್ಣ ಘಟಕಕ್ಕೆ ಹೊರೆಯಲ್ಲವೇ ಎಂಬ ಆಕ್ಷೇಪಣೆ ಬರುವುದು ಸಹಜ. ಅದಕ್ಕೆ ಉತ್ತರವನ್ನು ಜಗತ್ತನ್ನೇ ಬೆಚ್ಚಿಬೀಳಿಸಿದ ಒಂದು ಪ್ರಕರಣವು ನೀಡುತ್ತದೆ. 2024ರ ಮಾರ್ಚ್ 29ರಂದು, ಭಾರತದ ವರ್ತಕರು ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದ್ದಾಗ, ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಗುಪ್ತ ಹಿಂಬಾಗಿಲು ಇರುವುದನ್ನು ಪ್ರಕಟಿಸಿದರು. ಕಡತಗಳನ್ನು ಕುಗ್ಗಿಸುವ ಈ ಸಾಮಾನ್ಯ ತಂತ್ರಾಂಶವು ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಇರುತ್ತದೆ. ದೂರದಿಂದ ಪ್ರವೇಶಿಸುವ ಎಸ್‌ಎಸ್‌ಎಚ್ ಸೇವೆಯು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಬೆನ್ನುಹತ್ತಿ ಹೋದಾಗ ಅವರಿಗೆ ಇದು ಗೋಚರವಾಯಿತು.

ಈ ಪ್ರಕರಣದಲ್ಲಿ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ದೋಷವಿದ್ದುದು 5.6.0 ಮತ್ತು 5.6.1 ಎಂಬ ಎರಡು ಆವೃತ್ತಿಗಳಲ್ಲಿ ಮಾತ್ರ. ಆದ್ದರಿಂದ 'ನಮ್ಮಲ್ಲಿರುವುದು ಯಾವ ಆವೃತ್ತಿ' ಎಂಬುದೇ ಆ ದಿನದ ಏಕೈಕ ಪ್ರಶ್ನೆಯಾಗಿತ್ತು. ಪ್ಯಾಕೇಜ್ ದತ್ತಸಂಚಯ ಇದ್ದವರು ಒಂದೇ ಆದೇಶದಿಂದ ಉತ್ತರ ಪಡೆದರು. ಮೇಕ್ ಇನ್‌ಸ್ಟಾಲ್ ಮೂಲಕ ಸ್ಥಾಪಿಸಿದ ಪ್ರತಿಯು ಆ ಉತ್ತರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಎರಡನೆಯದು, ಹಿಂಬಾಗಿಲನ್ನು ಕೆಲಸಕ್ಕೆ ಹಚ್ಚುವ ಸಾಲುಗಳು ಬಹಿರಂಗ ಸಂಕೇತ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಕಟ್ಟಿನಲ್ಲಿದ್ದ ಬಿಲ್ಡ್ ಕಡತವೊಂದರಲ್ಲಿ ಮಾತ್ರ ಇದ್ದವು. ಅವು ಡೆಬ್ ಅಥವಾ ಆರ್‌ಪಿಎಂ ಬಿಲ್ಡ್ ನಡೆಯುತ್ತಿದೆಯೇ ಎಂದು ನೋಡಿಕೊಂಡು ಎಚ್ಚರಗೊಳ್ಳುತ್ತಿದ್ದವು. ಅಂದರೆ ಉತ್ತಮ ಸಾಧನವೊಂದೇ ರಕ್ಷಣೆ ನೀಡುವುದಿಲ್ಲ. ಮೂಲಸಂಕೇತವು ಎಲ್ಲಿಂದ ಬಂದಿತು, ಅದರ ತಾಳೆ ಸಂಖ್ಯೆ ಎಷ್ಟು ಎಂಬುದನ್ನೂ ಬರೆದಿಡಬೇಕು. ದೋಷ ಪ್ರಕಟವಾದ ದಿನ ಅದನ್ನು ಹುಡುಕಿ ತೆಗೆಯಲು ಸಾಧ್ಯವಾಗುವುದು ಆ ಬರಹದಿಂದಲೇ.

ಕಾನೂನಿನ ದೃಷ್ಟಿ

ಕಂಪನಿಯಾಗಿ ನೋಂದಣಿಯಾದ ಘಟಕಗಳಿಗೆ ಇನ್ನೊಂದು ಹೊಣೆಯಿದೆ. 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳ 3ನೆಯ ನಿಯಮದ ಪ್ರಕಾರ, 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ವ್ಯವಹಾರದ ಪರಿಶೋಧನಾ ಜಾಡನ್ನು ದಾಖಲಿಸಬೇಕು. ಪ್ರತಿ ತಿದ್ದುಪಡಿಯೂ ದಿನಾಂಕ ಸಹಿತ ಉಳಿಯಬೇಕು. ಆ ಸೌಲಭ್ಯವನ್ನು ನಿಲ್ಲಿಸಲು ಅವಕಾಶವಿರಬಾರದು. ಲೆಕ್ಕಪರಿಶೋಧಕರು ಈ ಕುರಿತು ತಮ್ಮ ವರದಿಯಲ್ಲಿ ಹೇಳಬೇಕಾಗುತ್ತದೆ. ಮುಕ್ತ ತಂತ್ರಾಂಶವನ್ನು ಮೂಲಸಂಕೇತದಿಂದ ಬಿಲ್ಡ್ ಮಾಡಿ ಲೆಕ್ಕಪತ್ರಕ್ಕೆ ಬಳಸುವ ಕಂಪನಿಯಲ್ಲಿ, ಬಿಲ್ಡ್ ಮಾಡುವಾಗ ಏನನ್ನು ಬದಲಿಸಲಾಯಿತು ಎಂಬ ಪ್ರಶ್ನೆ ಏಳದೆ ಇರದು. ವಿಧಾನಪತ್ರ ಮತ್ತು ಅದರ ಚೇಂಜ್‌ಲಾಗ್ ಇದ್ದರೆ ತೋರಿಸಲು ಒಂದು ದಾಖಲೆ ಇರುತ್ತದೆ. ಲೆಕ್ಕಪುಸ್ತಕಗಳನ್ನು ಕಂಪನಿಗಳ ಕಾಯಿದೆ 2013ರ ಅನ್ವಯ ಎಂಟು ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕು. ಎಂಟು ವರ್ಷಗಳ ನಂತರವೂ ಹಳೆಯ ಕಡತವನ್ನು ತೆರೆದು ಓದಬೇಕಾದರೆ ಅದನ್ನು ಓದುವ ತಂತ್ರಾಂಶವನ್ನು ಪುನಃ ಬಿಲ್ಡ್ ಮಾಡುವ ವಿಧಾನವೂ ಉಳಿದಿರಬೇಕಲ್ಲವೇ?

ಲಿನಕ್ಸ್ ಅಳವಡಿಸಿದ ಯಂತ್ರಗಳನ್ನು ಮಾರುವ ತಯಾರಕರಿಗೆ ಪರವಾನಗಿಯ ಷರತ್ತೂ ಇದೆ. ಲಿನಕ್ಸ್ ತಿರುಳು ಗ್ನೂ ಸಾರ್ವಜನಿಕ ಪರವಾನಗಿಯ 2ನೆಯ ಆವೃತ್ತಿಗೆ ಒಳಪಟ್ಟಿದೆ. ತನ್ನ ಕಾರ್ಖಾನೆಯೊಳಗೆ ಮಾತ್ರ ಬಳಸುವವರಿಗೆ ಮೂಲಸಂಕೇತ ನೀಡುವ ಬಾಧ್ಯತೆಯಿಲ್ಲ. ಆದರೆ ಯಂತ್ರದೊಡನೆ ಗ್ರಾಹಕರಿಗೆ ಕೊಟ್ಟರೆ ಮೂಲಸಂಕೇತವನ್ನೂ ಕೊಡಬೇಕು, ಇಲ್ಲವೇ ಕನಿಷ್ಠ ಮೂರು ವರ್ಷ ಊರ್ಜಿತವಿರುವ ಲಿಖಿತ ಭರವಸೆಯನ್ನು ನೀಡಬೇಕು. ಬಿಲ್ಡ್ ಮತ್ತು ಸ್ಥಾಪನೆಯನ್ನು ನಡೆಸುವ ಆದೇಶ ಕಡತಗಳೂ ಮೂಲಸಂಕೇತದ ಭಾಗವೆಂದು ಆ ಪರವಾನಗಿಯೇ ವ್ಯಾಖ್ಯಾನಿಸುತ್ತದೆ. ವಿಧಾನಪತ್ರವಿಲ್ಲದೆ ಬಿಲ್ಡ್ ಮಾಡಿದ ತಯಾರಕರು ಗ್ರಾಹಕರು ಕೇಳಿದ ದಿನ ಇವುಗಳನ್ನು ಎಲ್ಲಿಂದ ತಂದುಕೊಡಲು ಸಾಧ್ಯ?

ಕುಂದಾಣದ ಘಟಕಕ್ಕೆ ಯಾವುದು ತಕ್ಕುದು?

ಈಗ ಮೊದಲಿನ ಉದಾಹರಣೆಗೆ ಮರಳಬಹುದು. ಘಟಕದಲ್ಲಿ ಎರಡೇ ಗಣಕಯಂತ್ರಗಳು, ಎರಡೂ ಡೆಬಿಯನ್. ಬಿಲ್ಡ್ ಮಾಡಬೇಕಾದ ತಂತ್ರಾಂಶ ಒಂದೇ. ಆದರೆ ಅದು ನಿಂತರೆ ರವಾನೆಯೇ ನಿಲ್ಲುತ್ತದೆ. ತಂತ್ರಜ್ಞ ಸ್ಥಳದಲ್ಲಿಲ್ಲ, ಮುಂದಿನ ಸಲ ಬರುವವನು ಬೇರೊಬ್ಬನಾಗಿರಬಹುದು.

ಸ್ಟೋ ಇಲ್ಲಿ ಸಾಲದು, ಏಕೆಂದರೆ ಆವೃತ್ತಿ ಏರಿಸುವಾಗ ಎಚ್ಚರಿಕೆ ದೊರೆಯುವುದಿಲ್ಲ. ಚೆಕ್‌ಇನ್‌ಸ್ಟಾಲ್ ಬಳಸಿದರೆ ನಮೂದು ಉಳಿಯುತ್ತದೆ, ಆದರೆ ಅವಲಂಬನೆ ಉಳಿಯುವುದಿಲ್ಲ. ಎಫ್‌ಪಿಎಂನ ಮುಖ್ಯ ಲಾಭವೆಂದರೆ ಎರಡು ಬಗೆಯ ಪ್ಯಾಕೇಜು. ಇಲ್ಲಿ ಅದರ ಅಗತ್ಯವಿಲ್ಲ. ಆದ್ದರಿಂದ ಡೆಬ್‌ಹೆಲ್ಪರ್ ಮೂಲಕ ಸರಿಯಾದ ಡೆಬ್ ಪ್ಯಾಕೇಜು ಕಟ್ಟುವುದೇ ಯೋಗ್ಯ. ಮುದ್ರಣ ವ್ಯವಸ್ಥೆಯಾದ ಕಪ್ಸ್‌ನ ಅಭಿವೃದ್ಧಿ ಕಡತಗಳು ಬಿಲ್ಡ್ ಮಾಡಲು ಬೇಕೆಂಬುದು ಕಂಟ್ರೋಲ್ ಕಡತದಲ್ಲಿ ನಮೂದಾಗುತ್ತದೆ. ಒಮ್ಮೆ ಪಿಬಿಲ್ಡರ್‌ನಲ್ಲಿ ಪರೀಕ್ಷಿಸಿದರೆ ವಿಧಾನಪತ್ರ ಪೂರ್ಣವಾಗಿದೆಯೇ ಎಂಬುದು ತಿಳಿಯುತ್ತದೆ. ಮುಂದೆ ವ್ಯವಸ್ಥೆಯನ್ನು ಏರಿಸುವಾಗ ಅವಲಂಬನೆ ತಪ್ಪಿದರೆ, ಈ ಪ್ಯಾಕೇಜನ್ನು ತೆಗೆಯಬೇಕಾಗುತ್ತದೆಂದು ವ್ಯವಸ್ಥೆಯು ಮೊದಲೇ ತಿಳಿಸುತ್ತದೆ. ಆಗ ಏರಿಕೆಯನ್ನು ರವಾನೆಯಿಲ್ಲದ ದಿನಕ್ಕೆ ಮುಂದೂಡಿ, ವಿಧಾನಪತ್ರದಿಂದ ಹೊಸ ಪ್ಯಾಕೇಜು ಕಟ್ಟಿಕೊಂಡು ಮುಂದುವರಿಯಬಹುದು.

ಇದೇ ಘಟಕವು ಸೆಂಟ್‌ಓಎಸ್ ಬಳಸುತ್ತಿದ್ದರೂ ತೀರ್ಮಾನ ಬದಲಾಗದು, ಸಾಧನ ಮಾತ್ರ ಆರ್‌ಪಿಎಂಬಿಲ್ಡ್ ಮತ್ತು ಮಾಕ್ ಆಗುತ್ತದೆ. ಸೆಂಟ್‌ಓಎಸ್ 8ರ ಬೆಂಬಲವು 2021ರ ಡಿಸೆಂಬರ್ 31ರಂದೂ, ಸೆಂಟ್‌ಓಎಸ್ 7ರ ಬೆಂಬಲವು 2024ರ ಜೂನ್ 30ರಂದೂ ಕೊನೆಗೊಂಡವು. ಬಳಕೆದಾರರು ಬೇರೆ ವ್ಯವಸ್ಥೆಗೆ ಸ್ಥಳಾಂತರವಾಗಬೇಕಾಯಿತು. ಸ್ಪೆಕ್ ಕಡತಗಳನ್ನು ಕಾಪಾಡಿಕೊಂಡವರಿಗೆ ಅದು ಮರುಬಿಲ್ಡ್‌ನ ಕೆಲಸ. ಉಳಿದವರಿಗೆ ಹೊಸದಾಗಿ ಆರಂಭಿಸುವ ಕೆಲಸ.

ವೆಚ್ಚದ ಮಾತನ್ನೂ ಆಡಬೇಕು. ಮೂರು ಆದೇಶಗಳ ಕೆಲಸಕ್ಕಿಂತ ವಿಧಾನಪತ್ರದ ಕೆಲಸಕ್ಕೆ ತಂತ್ರಜ್ಞರು ಹೆಚ್ಚು ಸಮಯವನ್ನೂ ಹೆಚ್ಚು ಶುಲ್ಕವನ್ನೂ ಕೇಳುವುದು ನ್ಯಾಯವೇ. ಒಂದು ದಿನದ ರವಾನೆ ತಪ್ಪಿದರೆ ಆಗುವ ನಷ್ಟದೊಡನೆ ಆ ಹೆಚ್ಚುವರಿ ಶುಲ್ಕವನ್ನು ತೂಗಿ ನೋಡುವುದು ಮಾಲೀಕರ ಕೆಲಸ.

ತಂತ್ರಜ್ಞರಿಗೆ ಕೇಳಬೇಕಾದ ಪ್ರಶ್ನೆಗಳು

ಉದ್ದಿಮೆದಾರರು ಈ ಸಾಧನಗಳನ್ನು ಸ್ವತಃ ಬಳಸಬೇಕಾಗಿಲ್ಲ. ಹಣ ಪಾವತಿಸುವ ಮುನ್ನ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆದರೆ ಸಾಕು.

1. ಈ ತಂತ್ರಾಂಶವು ವ್ಯವಸ್ಥೆಯ ಅಧಿಕೃತ ಭಂಡಾರದಲ್ಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲಾಗಿದೆಯೇ?
2. ಸ್ಥಾಪನೆಯು ಪ್ಯಾಕೇಜ್ ರೂಪದಲ್ಲಿದೆಯೇ? ದತ್ತಸಂಚಯದ ಪಟ್ಟಿಯಲ್ಲಿ ಅದರ ಹೆಸರನ್ನು ತೋರಿಸಬಹುದೇ?
3. ಮೂಲಸಂಕೇತದ ಕಟ್ಟು, ಅದರ ಆವೃತ್ತಿ, ಪಡೆದ ಸ್ಥಳ ಮತ್ತು ತಾಳೆ ಸಂಖ್ಯೆಯನ್ನು ಬರೆದಿಡಲಾಗಿದೆಯೇ?
4. ವಿಧಾನಪತ್ರದ ಪ್ರತಿಯೊಂದು ಘಟಕದ ವಶದಲ್ಲಿದೆಯೇ? ಗಣಕಯಂತ್ರದ ಹೊರಗೂ ಒಂದು ಪ್ರತಿ ಇದೆಯೇ?
5. ಖಾಲಿ ವ್ಯವಸ್ಥೆಯಲ್ಲಿ ಬಿಲ್ಡ್ ಮಾಡಿ ಪರೀಕ್ಷಿಸಲಾಗಿದೆಯೇ?
6. ತೆಗೆದುಹಾಕಿ ಪುನಃ ಸ್ಥಾಪಿಸಿ ತೋರಿಸಬಹುದೇ?

ಆರನೆಯದು ಕೇವಲ ಪ್ರಶ್ನೆಯಲ್ಲ, ಪರೀಕ್ಷೆ. ಅದನ್ನು ಘಟಕದ ಗುಮಾಸ್ತರ ಕೈಯಿಂದಲೇ, ತಂತ್ರಜ್ಞರು ಪಕ್ಕದಲ್ಲಿ ನಿಂತಿರುವಾಗ ಮಾಡಿಸುವುದು ಒಳ್ಳೆಯದು. ಗುಮಾಸ್ತರಿಂದ ಸಾಧ್ಯವಾದರೆ ದಾಖಲೆ ಪೂರ್ಣವಾಗಿದೆ ಎಂದರ್ಥ. ಸಾಧ್ಯವಾಗದಿದ್ದರೆ ತಂತ್ರಾಂಶದ ಬಹುಭಾಗ ಇನ್ನೂ ತಂತ್ರಜ್ಞರ ತಲೆಯಲ್ಲಿಯೇ ಇದೆ ಎಂದು ತಿಳಿಯಬೇಕು. ವ್ಯವಹಾರದ ಲೆಕ್ಕವು ಒಬ್ಬ ಗುಮಾಸ್ತರ ನೆನಪಿನಲ್ಲಿ ಮಾತ್ರ ಇರುವುದನ್ನು ಯಾವ ವರ್ತಕರೂ ಒಪ್ಪುವುದಿಲ್ಲ. ಕಾರ್ಖಾನೆಯ ತಂತ್ರಾಂಶಕ್ಕೂ ಅದೇ ನಿಯಮವನ್ನು ಅನ್ವಯಿಸಿದರೆ ಸಾಧನದ ಆಯ್ಕೆ ಕಷ್ಟವಾಗದು.